ತಿಳಿಸದೆ ಮಾಡಿದ ಹಿತ

ಒಬ್ಬರ ವಸ್ತುವನ್ನು ಅವರ ಸಮ್ಮತಿಯಿಲ್ಲದೆ ಮತ್ತೊಬ್ಬರು ಮುಟ್ಟಬಾರದೆಂಬುದು ಎಲ್ಲರೂ ಒಪ್ಪುವ ಮಾತು. ಆದರೆ ಮಾರಾಟವಾದ ಮೇಲೂ ಮಾರಿದವನ ಕೈ ಆ ವಸ್ತುವಿನೊಳಗೇ ಉಳಿದಿದ್ದರೆ ಈ ನಿಯಮವನ್ನು ಹೇಗೆ ಅನ್ವಯಿಸಬೇಕು? ಕೊಡವನ್ನು ಮಾರಿದ ಕುಂಬಾರನಿಗೆ ಅನಂತರ ಅದರ ಮೇಲೆ ಯಾವ ಅಧಿಕಾರವೂ ಇಲ್ಲ. ಕೊಡ ಸೋರಿದರೆ ಕೊಂಡವನು ಅವನಿದ್ದಲ್ಲಿಗೆ ಹೋಗಬೇಕೇ ಹೊರತು, ಅವನು ರಾತ್ರಿಯ ವೇಳೆ ಮನೆಯೊಳಗೆ ಬಂದು ಕೊಡವನ್ನು ತಿದ್ದಿಹೋಗುವುದಿಲ್ಲ. ಸ್ಮಾರ್ಟ್‌ಫೋನು ಈ ಬಗೆಯ ವಸ್ತುವಲ್ಲ. ಅದರ ಗಾಜು, ಲೋಹಗಳು ಕೊಂಡವನ ಜೇಬಿನಲ್ಲಿದ್ದರೂ ಅದನ್ನು ನಡೆಸುವ ಸಾಫ್ಟ್‌ವೇರ್ ಬಹುಮಟ್ಟಿಗೆ ತಯಾರಕನ ಅಧೀನದಲ್ಲಿಯೇ ಇರುತ್ತದೆ. ಅಪ್‌ಡೇಟ್ ಎಂಬ ಹೆಸರಿನಿಂದ ಆತನು ಸಾವಿರಾರು ಮೈಲಿಗಳ ಆಚೆಯಿಂದಲೇ ಅದರ ನಡವಳಿಕೆಯನ್ನು ಬದಲಿಸಬಲ್ಲನು. ಅಂತಹ ಬದಲಾವಣೆಯಿಂದ ಕೆಡುಕಾದಾಗ ದೋಷದ ತೂಕವನ್ನು ಅಳೆಯುವುದು ಹೇಗೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಆಪಲ್ ಸಂಸ್ಥೆಯೊಂದರ ಇತಿಹಾಸದಲ್ಲಿಯೇ ಇದಕ್ಕೆ ಎರಡು ನಿದರ್ಶನಗಳು ದೊರೆಯುತ್ತವೆ.

ಮೊದಲನೆಯದು 2014ರದು. ಆ ವರ್ಷದ ಸೆಪ್ಟೆಂಬರ್ 19ರಂದು ಐಫೋನ್ 6 ಮತ್ತು 6 ಪ್ಲಸ್ ಮಾರಾಟಕ್ಕೆ ಬಂದವು. ಮೊದಲ ಮೂರು ದಿನಗಳಲ್ಲಿಯೇ ಒಂದು ಕೋಟಿಗೂ ಹೆಚ್ಚು ಫೋನುಗಳು ಖರ್ಚಾದವು. ಸೆಪ್ಟೆಂಬರ್ 24ರಂದು, ಕೆಲವು ಸಣ್ಣಪುಟ್ಟ ಲೋಪಗಳನ್ನು ಸರಿಪಡಿಸುವ ಉದ್ದೇಶದಿಂದ, ಸಂಸ್ಥೆಯು ಐಒಎಸ್ 8.0.1 ಎಂಬ ಅಪ್‌ಡೇಟನ್ನು ಹೊರಡಿಸಿತು. ಅದನ್ನು ಹಾಕಿಕೊಂಡ ಹೊಸ ಫೋನುಗಳಲ್ಲಿ ಮೊಬೈಲ್ ಜಾಲದ ಸಂಪರ್ಕವೇ ಕಡಿದುಹೋಯಿತು. ಬೆರಳ ಗುರುತಿನಿಂದ ತೆರೆಯುವ ವ್ಯವಸ್ಥೆಯೂ ನಿಂತಿತು. ಮಾತನಾಡಲೆಂದು ಕೊಂಡ ಯಂತ್ರ ಮೂಕವಾಯಿತು. ಸುಮಾರು ಒಂದು ಗಂಟೆಯ ಬಳಿಕ ಸಂಸ್ಥೆ ಆ ಅಪ್‌ಡೇಟನ್ನು ಹಿಂದೆಗೆದುಕೊಂಡಿತು. ಹಿಂದಿನ ಆವೃತ್ತಿಗೆ ಮರಳುವ ಕ್ರಮವನ್ನು ವಿವರಿಸಿತು. ತೊಂದರೆಗೊಳಗಾದ ಫೋನುಗಳು 40,000ಕ್ಕಿಂತ ಕಡಿಮೆಯೆಂದು ತಿಳಿಸಿ ಕ್ಷಮೆ ಕೋರಿತು. ಮರುದಿನವೇ 8.0.2 ಬಂದಿತು.

ಇದು ಪ್ರಮಾದ. ಅಜಾಗರೂಕತೆಯಿಂದಾದ ಕೆಡುಕಿಗೆ ಕೆಟ್ಟ ಉದ್ದೇಶವಿರಲಿಲ್ಲವೆಂಬುದು ಪೂರ್ಣ ಸಮಾಧಾನವಾಗಲಾರದು. ಒಂದು ಕೋಟಿಯಲ್ಲಿ ನಲವತ್ತು ಸಾವಿರ ಅಲ್ಪಸಂಖ್ಯೆಯೆನಿಸಬಹುದು. ಆ ದಿನ ಅವಸರದ ಕರೆಯನ್ನು ಮಾಡಲಾರದೆ ಹೋದವನಿಗೆ ಶೇಕಡಾವಾರು ಲೆಕ್ಕದಿಂದ ಏನು ಪ್ರಯೋಜನ? ಹೊಸ ಅಪ್‌ಡೇಟನ್ನು ಮೊದಲು ಕೆಲವೇ ಫೋನುಗಳಿಗೆ ಕಳುಹಿಸಿ, ಬಾಧೆಯಿಲ್ಲವೆಂದು ಕಂಡುಕೊಂಡ ಮೇಲೆ ಮಿಕ್ಕವಕ್ಕೆ ವಿಸ್ತರಿಸುವ ಪದ್ಧತಿಯೂ ಈ ಉದ್ಯಮದಲ್ಲಿ ಉಂಟು. ಆದುದರಿಂದ ಅವಸರದ ದೋಷ ಇಲ್ಲಿ ಇದ್ದೇ ಇದೆ. ಆದರೂ ಕೆಡುಕು ಎಲ್ಲರ ಕಣ್ಣಿಗೂ ಬೀಳುವಂತಿತ್ತು. ಮಾಡಿದವರು ತಮ್ಮದೆಂದು ಒಪ್ಪಿಕೊಂಡರು. ಮರಳುವ ದಾರಿ ತೆರೆದಿತ್ತು.

ಎರಡನೆಯ ಪ್ರಕರಣ ಇಷ್ಟು ಸರಳವಾದುದಲ್ಲ. ಫೋನಿನ ಲಿಥಿಯಮ್-ಅಯಾನ್ ಬ್ಯಾಟರಿಗೆ ವಯಸ್ಸಾದಂತೆ ಅದರ ಆಂತರಿಕ ನಿರೋಧ ಹೆಚ್ಚುತ್ತದೆ. ಆಗ ಪ್ರೊಸೆಸರು ಒಮ್ಮೆಗೇ ಹೆಚ್ಚು ವಿದ್ಯುತ್ತನ್ನು ಬೇಡಿದರೆ ಬ್ಯಾಟರಿ ಅದನ್ನು ಪೂರೈಸಲಾರದು. ವೋಲ್ಟೇಜು ಕುಸಿದು, ಫೋನು ತನ್ನ ಭಾಗಗಳ ರಕ್ಷಣೆಗಾಗಿ ಥಟ್ಟನೆ ಆರಿಹೋಗುತ್ತದೆ. ಚಳಿಯಲ್ಲಿ ಈ ತೊಂದರೆ ಇನ್ನೂ ಅಧಿಕ. ಇದನ್ನು ತಡೆಯಲು 2017ರ ಜನವರಿಯಲ್ಲಿ ಬಂದ ಐಒಎಸ್ 10.2.1ರಲ್ಲಿ, ಬ್ಯಾಟರಿ ದುರ್ಬಲವಾಗಿರುವ ಐಫೋನ್ 6, 6 ಎಸ್ ಮುಂತಾದವುಗಳ ಪ್ರೊಸೆಸರಿನ ವೇಗವನ್ನು ಅಗತ್ಯ ಬಿದ್ದಾಗ ತಗ್ಗಿಸುವ ಏರ್ಪಾಡನ್ನು ಸೇರಿಸಲಾಯಿತು. ಫೋನುಗಳು ಆರಿಹೋಗುವುದು ಕಡಿಮೆಯಾಗಿದೆಯೆಂದು ಸಂಸ್ಥೆ ಪ್ರಕಟಿಸಿತು. ಅದು ನಿಜವೂ ಆಗಿತ್ತು. ಯಾವ ಬೆಲೆ ತೆತ್ತು ಕಡಿಮೆಯಾಯಿತೆಂಬುದನ್ನು ಮಾತ್ರ ಹೇಳಲಿಲ್ಲ.

ಫೋನು ನಿಧಾನವಾದುದನ್ನು ಬಳಕೆದಾರರು ಕಂಡರು; ಕಾರಣ ತಿಳಿಯದೆ, ಯಂತ್ರಕ್ಕೇ ಮುಪ್ಪು ಬಂದಿತೆಂದು ಭಾವಿಸಿದರು. ಬ್ಯಾಟರಿಯನ್ನು ಬದಲಿಸಿದೊಡನೆ ವೇಗ ಮರಳಿತೆಂದು ಅವರಲ್ಲೊಬ್ಬರು ಬರೆದದ್ದು, ಅನಂತರ ಪ್ರೈಮೇಟ್ ಲ್ಯಾಬ್ಸ್‌ನ ಜಾನ್ ಪೂಲ್ ಅನೇಕ ಫೋನುಗಳ ವೇಗದ ಅಳತೆಗಳನ್ನು ಹೋಲಿಸಿ ಪ್ರಕಟಿಸಿದ್ದು, ಇವುಗಳಿಂದ ವಿಷಯ ಬಯಲಾಯಿತು. 2017ರ ಡಿಸೆಂಬರ್ 20ರಂದು ಸಂಸ್ಥೆ ಅದನ್ನು ಒಪ್ಪಿಕೊಂಡಿತು. 28ರಂದು ಕ್ಷಮೆ ಕೇಳಿ, ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29 ಡಾಲರಿಗೆ ಇಳಿಸಿತು. ಫೋನಿನ ಆಯುಷ್ಯವನ್ನು ಬೇಕೆಂದೇ ಕಡಿಮೆ ಮಾಡುವ ಕೆಲಸವನ್ನು ತಾನೆಂದೂ ಮಾಡಿಲ್ಲವೆಂದೂ ಹೇಳಿತು.

ಆ ಮಾತನ್ನು ಪೂರ್ಣವಾಗಿ ನಂಬಿಯೇ ವಿಚಾರ ಮಾಡಬಹುದು. ಥಟ್ಟನೆ ಆರಿಹೋಗುವ ಫೋನಿಗಿಂತ ನಿಧಾನವಾಗಿ ನಡೆಯುವ ಫೋನು ಮೇಲು ಎಂಬುದು ಅಸಂಗತವಾದ ವಾದವಲ್ಲ. ಉದ್ದೇಶ ಹಿತ, ಫಲವೂ ಒಂದು ದೃಷ್ಟಿಯಿಂದ ಹಿತ. ಹಾಗಿದ್ದ ಮೇಲೆ ದೋಷವೆಲ್ಲಿ? ತಾನಾಗಿ ಮನಸ್ಸು ಮಾಡಿ ಹೊಟ್ಟೆ ತುಂಬುವ ಮೊದಲೇ ಎಲೆ ಬಿಟ್ಟು ಏಳುವವನದು ಊನೋದರ. ಅದೇ ಮನುಷ್ಯನಿಗೆ ಅಜೀರ್ಣವಾದೀತೆಂದು ಬಡಿಸುವವರು ಹೇಳದೆಯೇ ದಿನವೂ ಒಂದೊಂದು ಸೌಟು ಕಡಿಮೆ ಬಡಿಸುತ್ತ ಬಂದರೆ ಹೊಟ್ಟೆಯ ಲೆಕ್ಕ ಒಂದೇ ಆದೀತು. ಆದರೆ ಅದು ವ್ರತವಾಗುವುದಿಲ್ಲ. ಅವನಿಗೆ ತನ್ನ ನಿಶ್ಶಕ್ತಿಯ ಕಾರಣವೇ ತಿಳಿಯದು. ವೈದ್ಯನ ಬಳಿಗೆ ಹೋದಾನು, ಬೇಡದ ಔಷಧಿಯನ್ನು ಕುಡಿದಾನು. ಐಫೋನಿನ ಪ್ರಕರಣದಲ್ಲಿಯೂ ನಡೆದದ್ದು ಇದೇ. ಸ್ವಲ್ಪ ಹಣದ ಬ್ಯಾಟರಿಯಿಂದ ಸರಿಹೋಗುತ್ತಿದ್ದ ಫೋನನ್ನು ಕೆಲಸಕ್ಕೆ ಬಾರದೆಂದು ಎಣಿಸಿ ಹೊಸದನ್ನು ಕೊಳ್ಳುವ ಪ್ರಸಂಗ ಒದಗಿತು. ಆ ಮಾರಾಟದ ಲಾಭವೂ ಮೌನವಾಗಿದ್ದವರಿಗೇ ಸಲ್ಲುತ್ತಿತ್ತು. ಹಿತ ಮಾಡುವವನಿಗೆ ಮೌನದಿಂದ ಲಾಭವಿರುವಾಗ ಆ ಹಿತವನ್ನು ಎರಡು ಪಟ್ಟು ಶೋಧಿಸಬೇಕಾಗುತ್ತದೆ.

2020ರ ಫೆಬ್ರವರಿಯಲ್ಲಿ ಫ್ರಾನ್ಸಿನ ಗ್ರಾಹಕ ರಕ್ಷಣಾ ಇಲಾಖೆ ಸಂಸ್ಥೆಗೆ 2.5 ಕೋಟಿ ಯೂರೋ ದಂಡ ವಿಧಿಸಿದಾಗ ಎತ್ತಿಹಿಡಿದ ಅಂಶವೂ ಇದೇ. ವೇಗ ತಗ್ಗಿಸಿದ್ದಕ್ಕಲ್ಲ, ತಗ್ಗೀತೆಂದು ಗ್ರಾಹಕರಿಗೆ ತಿಳಿಸದಿದ್ದುದಕ್ಕೆ ಆ ದಂಡ. ಇದಕ್ಕೂ ಮೊದಲು, 2018ರಲ್ಲಿ, ಇಟಲಿಯ ಸ್ಪರ್ಧಾ ಪ್ರಾಧಿಕಾರ ಇದೇ ಬಗೆಯ ಕಾರಣಗಳಿಗಾಗಿ ಆಪಲ್‌ಗೆ 1 ಕೋಟಿ ಯೂರೋ, ಗ್ಯಾಲಕ್ಸಿ ನೋಟ್ 4ರ ಅಪ್‌ಡೇಟಿನ ಸಂಬಂಧದಲ್ಲಿ ಸ್ಯಾಮ್ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತ್ತು. ಅಮೆರಿಕದಲ್ಲಿ ಆಪಲ್ ತಪ್ಪನ್ನು ಒಪ್ಪದೆಯೇ 2020ರಲ್ಲಿ 50 ಕೋಟಿ ಡಾಲರಿನವರೆಗೆ ಪರಿಹಾರ ಕೊಡುವ ರಾಜಿಗೆ ಬಂದಿತು. ದಂಡ ತೆರುವುದು ಪ್ರಾಯಶ್ಚಿತ್ತವಲ್ಲವೆಂಬುದು ಬೇರೆ ಮಾತು.

ಬಳಕೆದಾರನೇ ಸಮ್ಮತಿಯ ಗುಂಡಿಯನ್ನು ಒತ್ತಿದ್ದನಲ್ಲ ಎಂಬ ಆಕ್ಷೇಪ ಉಳಿಯುತ್ತದೆ. ಅಪ್‌ಡೇಟ್ ಹಾಕಿಕೊಳ್ಳುವ ಮುನ್ನ ಫೋನು ಒಪ್ಪಿಗೆ ಕೇಳುತ್ತದೆ. ಉದ್ದವಾದ ಕರಾರುಪತ್ರವನ್ನು ಓದದೆಯೇ ಎಲ್ಲರೂ ಒಪ್ಪುತ್ತಾರೆ. ಓದದಿರುವುದು ಅವರ ಆಲಸ್ಯವೆನ್ನೋಣ. ಆದರೆ ಇಲ್ಲಿ ಓದಿದವನಿಗೂ ಸಂಗತಿ ತಿಳಿಯುವಂತಿರಲಿಲ್ಲ. ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂದು ಕ್ರಿಯೆಯ ಹೊಣೆಯನ್ನು ವಿಂಗಡಿಸುವವರು ಅನುಮೋದನೆಗೆ ಮನಸ್ಸು ಬೇಕೆಂಬುದನ್ನು ಬಲ್ಲರು. ಅರಿಯದುದಕ್ಕೆ ಮನಸ್ಸು ಒಪ್ಪುವುದೆಂತು?

ಹಾಗಾದರೆ ಅಪ್‌ಡೇಟನ್ನೇ ತ್ಯಜಿಸಿದರಾಗದೇ ಎಂದು ಕೆಲವರು ಕೇಳುವರು. ಈ ತ್ಯಾಗ ನಿರಪಾಯಕಾರಿಯಲ್ಲ. 2017ರ ಮೇ ತಿಂಗಳಿನಲ್ಲಿ ವನ್ನಾಕ್ರೈ ಎಂಬ ಪಿಡುಗು ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಬಾಧಿಸಿ, ಇಂಗ್ಲೆಂಡಿನ ಆಸ್ಪತ್ರೆಗಳ ಕೆಲಸವನ್ನು ಕೆಡಿಸಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚಿನಲ್ಲಿ, ಹೊರಡಿಸಿತ್ತು. ಹಾಕಿಕೊಳ್ಳದ ಅನೇಕರು ನಷ್ಟಕ್ಕೊಳಗಾದರು. ಒಬ್ಬನ ಉದಾಸೀನದಿಂದ ಅದೇ ಜಾಲದಲ್ಲಿದ್ದ ನೆರೆಯವನ ಯಂತ್ರಕ್ಕೂ ಸೋಂಕು ಹರಡಿತು. ಹಾಕಿಕೊಂಡರೂ ಹಾಕಿಕೊಳ್ಳದಿದ್ದರೂ ಅಪಾಯವಿರುವಲ್ಲಿ ಬಳಕೆದಾರನು ತಯಾರಕನ ಮಾತನ್ನೇ ನಂಬಬೇಕಾಗುತ್ತದೆ; ಆ ಮಾತು ಪೂರ್ಣವಾಗಿರಬೇಕೆಂಬ ಹೊಣೆ ಬರುವುದೂ ಅಲ್ಲಿಂದಲೇ. ಮೇಲಾಗಿ ಹೊಸ ಆವೃತ್ತಿ ಬಂದ ಕೆಲವು ಕಾಲದ ಮೇಲೆ ಆಪಲ್ ಹಳೆಯದಕ್ಕೆ ಮನ್ನಣೆ ಕೊಡುವುದನ್ನು ನಿಲ್ಲಿಸುವುದರಿಂದ ಹಿಂದಕ್ಕೆ ಹೋಗುವ ದಾರಿಯೂ ಮುಚ್ಚುತ್ತದೆ. ಮರಳಲಾಗದ ಹೆಜ್ಜೆಯನ್ನು ಇಡಿಸುವವನು ದಾರಿಯ ಮುಳ್ಳನ್ನು ಮೊದಲೇ ತೋರಿಸಬೇಡವೇ?

2018ರ ಮಾರ್ಚಿನಲ್ಲಿ ಬಂದ ಐಒಎಸ್ 11.3ರಲ್ಲಿ ಬ್ಯಾಟರಿಯ ಸ್ಥಿತಿಯನ್ನು ಬಳಕೆದಾರನೇ ನೋಡುವ ಅನುಕೂಲ ಸೇರಿತು. ವೇಗ ತಗ್ಗಿಸುವ ಏರ್ಪಾಡು ಹೋಗಲಿಲ್ಲ. ಫೋನು ಒಮ್ಮೆ ತಾನಾಗಿ ಆರಿಹೋದ ಮೇಲೆ ಅದು ಜಾರಿಗೆ ಬರುತ್ತದೆಂದು ತಿಳಿಸುವ ಒಂದು ವಾಕ್ಯ, ಬೇಡವಾದವರು ಅದನ್ನು ನಿಲ್ಲಿಸಬಹುದಾದ ಒಂದು ಆಯ್ಕೆ, ಇವೆರಡು ಮಾತ್ರ ಹೊಸದಾಗಿ ಕಾಣಿಸಿಕೊಂಡವು. 2017ರಲ್ಲಿಯೇ ಹಳೆಯ ಫೋನನ್ನು ಕೈಬಿಟ್ಟು ಹೊಸದನ್ನು ಕೊಂಡಿದ್ದವರಿಗೆ ಆ ಹೊತ್ತಿಗೆ ಅವು ಬೇಕಾಗಿರಲಿಲ್ಲ.