ಲೋಳೆಯೊಳಗಿನ ಮನೆಗಳು

ಜನವರಿಯ ಬೆಳಗು, ಪೊನ್ನಂಪೇಟೆಯ ತೋಟದ ಮೇಲೆ ಮಂಜು ಇನ್ನೂ ಕರಗಿಲ್ಲ. ನಿನ್ನೆ ಸಂಜೆ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿದ ರೊಬಸ್ಟಾ ಕಾಫಿ ಬೀಜ ರಾತ್ರಿಯೆಲ್ಲ ತೊಟ್ಟಿಯಲ್ಲಿ ಮಲಗಿ, ಈಗ ಹುಳಿಯೂ ಸಿಹಿಯೂ ಬೆರೆತ, ಕಳಿತ ಹಲಸಿನ ನೆನಪು ತರುವ ವಾಸನೆಯನ್ನು ಮೆಲ್ಲಗೆ ಬಿಡುತ್ತಿದೆ. ಕೈ ಇಳಿಸಿದರೆ ಬೆಚ್ಚಗಿದೆ. ಬೆರಳ ಸಂದಿಯಲ್ಲಿ ಜಾರುವ ಆ ಲೋಳೆಯ ಎಳೆಗಳನ್ನು, ಕಣ್ಣಿಗೆ ಕಾಣದವರು ಇರುಳಿಡೀ ಎಚ್ಚರವಿದ್ದು, ಒಂದೊಂದಾಗಿ ಬಿಡಿಸಿದ್ದಾರೆ.

ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಾಗ ಮೊದಲು ಬರಿಯ ಬೆಳಕು, ಆಮೇಲೆ ಆ ಬೆಳಕಿನೊಳಗೇ ಅಲುಗಾಟ. ಒಂದೆರಡು ಮೈಕ್ರಾನ್ ಉದ್ದದ ಕಡ್ಡಿಗಳು, ಬ್ಯಾಕ್ಟೀರಿಯಾಗಳು. ಒಳಗೆ ಕೋಣೆಯಿಲ್ಲ, ಬಾಗಿಲಿಲ್ಲ, ಒಂದೇ ಹಜಾರದಲ್ಲಿ ಅಡುಗೆ, ಉಗ್ರಾಣ, ವಂಶದ ಓಲೆ ಎಲ್ಲವೂ. ಇವುಗಳ ದೂರದ ನಂಟ ಇ. ಕೋಲಿಯ ಡಿಎನ್‌ಎಯನ್ನು ಬಿಡಿಸಿ ಹಾಸಿದರೆ 1.5 ಮಿಲಿಮೀಟರ್ ಆಗುತ್ತದಂತೆ, ತನ್ನ ಮೈಯುದ್ದದ ನೂರಾರು ಪಟ್ಟು. ಅಷ್ಟನ್ನೂ ಸುತ್ತಿ, ಮಡಿಸಿ, ಗಂಟಾಗದಂತೆ ಒಡಲಲ್ಲಿಟ್ಟುಕೊಂಡು, ಅದನ್ನೇ ಓದುತ್ತ ಓದುತ್ತ ಬದುಕುವ ಆ ಕಿರುಜೀವದ ನಾಜೂಕನ್ನು ನೆನೆದು ನನಗೆ ಉಸಿರು ಬಿಡಲೂ ಸಂಕೋಚ.

ಅವುಗಳ ನಡುವೆ ದುಂಡಗೆ, ನಿಧಾನಸ್ಥರಂತೆ ನಿಂತಿವೆ ಯೀಸ್ಟ್ ಕೋಶಗಳು. ಇವು ಕೊಡಗಿನ ಹಿರೀಕರ ಮನೆಗಳಾದ ಐನ್‌ಮನೆಗಳ ಹಾಗೆ, ಒಳಗೊಳಗೆ ಕೋಣೆಗಳಿರುವಂಥವು: ನೀರು ತುಂಬಿದ ತಿಳಿಯಾದ ಗುಳ್ಳೆಯೊಂದು, ಪೊರೆಗಳ ಓಣಿಗಳು, ತೂಗುದೀಪವಿರುವ ನಡುಮನೆಯಂತೆ ಡಿಎನ್‌ಎಯನ್ನು ಕಾಪಾಡುವ ಕೋಶಕೇಂದ್ರ. ಇಲ್ಲಿ ಕಂಡದ್ದು ಆ ಗುಳ್ಳೆ ಮಾತ್ರ. ಮಿಕ್ಕಿದ್ದನ್ನು ಓದಿದ ನೆನಪು ಬಿಡಿಸುತ್ತ ಹೋಗುತ್ತದೆ.

ಆ ಮನೆಯ ಒಲೆಯ ಬಳಿ, ಉಸಿರನ್ನು ಶಕ್ತಿಯಾಗಿ ಕಾಸುವ ಮೈಟೊಕಾಂಡ್ರಿಯ ಒಂದು ಕಾಲಕ್ಕೆ ಸ್ವತಂತ್ರ ಬ್ಯಾಕ್ಟೀರಿಯವಾಗಿತ್ತು. 1967ರಲ್ಲಿ ಜೀವವಿಜ್ಞಾನಿ ಲಿನ್ ಮಾರ್ಗ್ಯುಲಿಸ್ ಹಾಗೆಂದಾಗ ನಂಬಿದವರು ಕಡಿಮೆ. ನೂರಾರು ಕೋಟಿ ವರ್ಷಗಳ ಹಿಂದೆ ಯಾವುದೋ ಕೋಶದ ಹೊಸ್ತಿಲು ದಾಟಿ ಬಂದ ಆ ಅತಿಥಿ ಹೊರಡದೆ ಆ ಮನೆತನದ್ದೇ ಆಗಿಬಿಟ್ಟಿತು. ತಂದಿದ್ದ ಓಲೆಯಲ್ಲಿ ಒಂದು ಚೂರನ್ನು ಮಾತ್ರ ಇನ್ನೂ ತನ್ನ ಮಡಿಲಲ್ಲೇ ಇಟ್ಟುಕೊಂಡಿದೆ. ಗಾಜಿನ ಮೇಲೆ ಆ ಅತಿಥಿಯ ದಾಯಾದಿಗಳು ಹೊರಗೆ ಈಜುತ್ತಿದ್ದರೆ, ಅದು ಒಳಗೆ ಒಲೆ ಉರಿಸುತ್ತಿದೆ. ಹನಿಯನ್ನು ಹಿಡಿದ ನನ್ನ ಬೆರಳಿನಲ್ಲೂ ಅದೇ ಒಲೆ, ಅದೇ ಬಿಸಿ.

ಹೊರಗೆ ಬೀಜ ತೊಳೆಯಲು ನೀರು ಬಿಟ್ಟ ಸದ್ದು. ಗಾಜಿನಲ್ಲಿ ಒಂದು ಯೀಸ್ಟ್‌ನ ಹೆಗಲ ಮೇಲೆ ಪುಟ್ಟ ಮೊಗ್ಗು ಮೂಡಿದೆ, ಇನ್ನೂ ಕಳಚಿಲ್ಲ. ಕಳಚಿದ ಮೇಲೆ ತಾಯಿಯ ಮೈಮೇಲೆ ಒಂದು ಉಂಗುರದ ಗುರುತು ಉಳಿಯುತ್ತದೆ. ಹನಿಯ ಅಂಚು ಒಣಗುತ್ತ ಬರುತ್ತಿದೆ. ನಾನು ಇನ್ನೊಂದು ತೊಟ್ಟು ನೀರು ಬಿಡುತ್ತೇನೆ.