ಅಲ್ಲಿಗೊಂದು ನ್ಯಾಯ, ಇಲ್ಲಿಗೊಂದು ನ್ಯಾಯವೇ?

ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಎನ್ನುವ ನಾವೇ ನಾಸಿಕ್‌ಗೋ ಛತ್ರಪತಿ ಸಂಭಾಜಿನಗರಕ್ಕೋ ವರ್ಗವಾದಾಗ, ಮಕ್ಕಳ ಮರಾಠಿ ಪುಸ್ತಕ ನೋಡಿ ‘ಇದೊಂದು ಹೊರೆ’ ಎನ್ನುತ್ತೇವೆ. ಕರ್ನಾಟಕದ 2015ರ ಕನ್ನಡ ಕಲಿಕಾ ಕಾಯ್ದೆ, ಮಹಾರಾಷ್ಟ್ರದ 2020ರ ಮರಾಠಿ ಕಾಯ್ದೆ ಎರಡರ ಆಶಯವೂ ಒಂದೇ: ಮಾಧ್ಯಮ ಯಾವುದೇ ಇರಲಿ, ಶಾಲೆಯಲ್ಲಿ ಆ ನೆಲದ ಭಾಷೆ ಕಲಿಸಬೇಕು. ಒಂದು ನ್ಯಾಯವಾದರೆ ಇನ್ನೊಂದು ದಬ್ಬಾಳಿಕೆ ಹೇಗಾದೀತು?

ಆದರೆ ಅಕ್ಕಲಕೋಟೆ, ಜತ್ತದ ಕನ್ನಡಿಗರ ಮಾತು ಬೇರೆ. ಅವರು ಊರು ಬಿಟ್ಟು ಹೋದವರಲ್ಲ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಆಚೆ ಉಳಿದವರು. ಇಂಥ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆನ್ನುತ್ತದೆ ಸಂವಿಧಾನದ 350ಎ ವಿಧಿ. ರೊಮೇನಿಯಾದ ಟ್ರಾನ್ಸಿಲ್ವೇನಿಯಾದಲ್ಲೂ ಹೀಗೆಯೇ. ಮೊದಲ ಮಹಾಯುದ್ಧದ ನಂತರ ಗಡಿ ಸರಿದು ಅಲ್ಲುಳಿದ ಹಂಗೇರಿಯನ್ನರಿಗೆ ಇಂದಿಗೂ ಹಂಗೇರಿಯನ್ ಮಾಧ್ಯಮದ ಶಾಲೆಗಳಿವೆ. ಅಲ್ಲಿ ಮಕ್ಕಳು ರೊಮೇನಿಯನ್ನನ್ನೂ ಕಲಿಯುತ್ತಾರೆ.

ಗಡಿ ದಾಟಿ ಬಂದವರಿಗೂ, ಗಡಿಯೇ ಯಾರನ್ನು ದಾಟಿಹೋಯಿತೋ ಅವರಿಗೂ ಸರ್ಕಾರದ ಋಣ ಒಂದೇ ಅಲ್ಲ. ಕೆಲಸಕ್ಕೆ ಬಂದ ನಾವು ಮರಾಠಿ ಕಲಿಯೋಣ. ಮನೆಯಲ್ಲಿ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುವುದಕ್ಕೆ ಯಾವ ಕಾಯ್ದೆಯೂ ಅಡ್ಡ ಬಂದಿಲ್ಲ. ಜತ್ತದ ಶಾಲೆಗಳಿಗೆ ಕನ್ನಡ ಬಲ್ಲ ಮೇಷ್ಟ್ರೇ ಬೇಕೆಂದು ಕೇಳುವಾಗ, ನಮ್ಮ ಮಾತಿಗೆ ಆಗ ತೂಕವಿರುತ್ತದೆ.