ಕೈಮೀರಿದ ಕಾರಣ

ಅಮೆರಿಕದ ವಲಸೆ ಕಾನೂನು ಕೊಡುವ ಕಾಯಂ ನಿವಾಸಿ ಎಂಬ ಸ್ಥಾನವು, ಅಂದರೆ ಜನರ ಮಾತಿನ ಗ್ರೀನ್ ಕಾರ್ಡು, ಹೆಸರಿನಷ್ಟು ಕಾಯಮಾದುದಲ್ಲ. ಮರುಪ್ರವೇಶದ ಪರವಾನಗಿ ಇಲ್ಲದೆ ಒಂದು ವರ್ಷವೋ ಅದಕ್ಕೂ ಹೆಚ್ಚೋ ಹೊರಗೆ ಕಳೆದವರಿಗೆ ಆ ಕಾರ್ಡೊಂದೇ ಒಳಬರಲು ಸಾಲದೆ, ದೂತಾವಾಸದಲ್ಲಿ ಡಿಎಸ್-117 ಎಂಬ ಅರ್ಜಿ ಹಾಕಿ, ಮರಳುವ ನಿವಾಸಿಗಳಿಗೆಂದೇ ಇರುವ ಎಸ್‌ಬಿ-1 ವೀಸಾ ಕೋರಬೇಕಾಗುತ್ತದೆ. ಹೊರಡುವಾಗ ಮರಳುವ ಉದ್ದೇಶವಿತ್ತು, ಅದನ್ನು ನಡುವೆ ಎಂದೂ ಕೈಬಿಡಲಿಲ್ಲ, ತಡವಾದದ್ದು ತನ್ನ ಹೊಣೆಯಲ್ಲದ, ಕೈಮೀರಿದ ಕಾರಣದಿಂದ ಎಂಬುದನ್ನು ಅರ್ಜಿದಾರರು ಅಲ್ಲಿ ಸಾಧಿಸಿ ತೋರಿಸಬೇಕು. ಮೊದಲೆರಡು ಸಂಕಲ್ಪಕ್ಕೆ ಸಂಬಂಧಿಸಿದವು, ಕೊನೆಯದು ಕರ್ತೃವಿನ ಸ್ವಾತಂತ್ರ್ಯಕ್ಕೆ.

ಸಂಕಲ್ಪದ ಪ್ರಶ್ನೆ ಹಳೆಯದು. ಶತ್ರುಗಳ ಸೆರೆಯಿಂದ ಮರಳಿದವನಿಗೆ ಹಿಂದಿನ ಹಕ್ಕುಗಳನ್ನೆಲ್ಲ ಹಿಂದಿರುಗಿಸುವ ನಿಯಮಕ್ಕೆ ರೋಮನ್ನರು ಪೋಸ್ಟ್‌ಲಿಮಿನಿಯಮ್ ಎನ್ನುತ್ತಿದ್ದರು. ಆ ಪದದೊಳಗಿರುವ ಲೀಮೆನ್ ಎಂದರೆ ಹೊಸ್ತಿಲು. ಆದರೆ ಹೊಸ್ತಿಲು ದಾಟಿದ ಮಾತ್ರಕ್ಕೆ ಹಕ್ಕು ಮರಳದು ಎಂಬುದಕ್ಕೆ ನ್ಯಾಯವಿದ ಪಾಂಪೋನಿಯಸ್ ರೆಗ್ಯುಲಸ್‌ನ ನಿದರ್ಶನ ಕೊಡುತ್ತಾನೆ: ಕಾರ್ಥೇಜಿಗೆ ಹಿಂದಿರುಗುವುದಾಗಿ ಆಣೆಯಿಟ್ಟು ರೋಮಿಗೆ ಬಂದಿದ್ದ ಆ ಸೇನಾಪತಿಗೆ ಅಲ್ಲಿ ಉಳಿಯುವ ಮನಸ್ಸೇ ಇರಲಿಲ್ಲವಾದ್ದರಿಂದ ಅವನು ಬಂದರೂ ಬಂದಂತಾಗಲಿಲ್ಲ. ಅಮೆರಿಕದ ಕಾನೂನು ಇದೇ ತತ್ತ್ವವನ್ನು ಮಗುಚಿ ಹಾಕಿದಂತಿದೆ. ಇಲ್ಲಿ ದೇಹ ಹೊರಗಿದ್ದರೂ ಮನಸ್ಸು ಒಳಗಿದ್ದರೆ ಹೋದರೂ ಹೋದಂತಲ್ಲ. ಮನಸ್ಸನ್ನು ಕಣ್ಣಾರೆ ಕಂಡವರಿಲ್ಲವಾದ್ದರಿಂದ ಅಧಿಕಾರಿ ಅನುಮಾನ ಪ್ರಮಾಣವನ್ನೇ ನೆಚ್ಚುತ್ತಾನೆ, ಅಂದರೆ ನೈಯಾಯಿಕರು ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ತೆರಿಗೆ ಲೆಕ್ಕ, ಬ್ಯಾಂಕ್ ಖಾತೆ, ಮಾರದೆ ಉಳಿಸಿಕೊಂಡ ಮನೆ ಇವುಗಳಿಂದ ಮರಳುವ ಇಚ್ಛೆಯನ್ನು ಊಹಿಸುತ್ತಾನೆ. ಇದರಲ್ಲಿ ಅನ್ಯಾಯವೇನೂ ಕಾಣದು.

ತೊಡಕಿರುವುದು ಮೂರನೆಯ ಷರತ್ತಿನಲ್ಲಿ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲೂ ಊರಿನ ತಾಯಿಗೆ ಪಾರ್ಶ್ವವಾಯು ಬಡಿದ ಸುದ್ದಿ ಕೇಳಿ ರಾತ್ರೋರಾತ್ರಿ ವಿಮಾನ ಹತ್ತುವ ಮಕ್ಕಳಿದ್ದಾರೆ. ಸಾಮಾನ್ಯವಾಗಿ ಎರಡು ವರ್ಷದವರೆಗೆ ನಡೆಯುವ ಮರುಪ್ರವೇಶದ ಪರವಾನಗಿಗೆ ಅಮೆರಿಕದ ನೆಲದಲ್ಲಿದ್ದಾಗಲೇ ಅರ್ಜಿ ಹಾಕಬೇಕೆಂಬ ನಿಯಮ ಆ ಗಡಿಬಿಡಿಯಲ್ಲಿ ಎಷ್ಟು ಜನರಿಗೆ ನೆನಪಾದೀತು? ವಿದೇಶದ ವಾಸ ತಾತ್ಕಾಲಿಕವೆನಿಸಬೇಕಾದರೆ ಅದರ ಕೊನೆ ಹತ್ತಿರದಲ್ಲೇ ಇರುವ ಘಟನೆಯೊಂದಕ್ಕೆ, ಇಲ್ಲವೆ ಅಲ್ಪಕಾಲದಲ್ಲಿ ಸಂಭವಿಸಬಹುದಾದ ಘಟನೆಗೆ, ಕಟ್ಟಿಕೊಂಡಿರಬೇಕೆಂದು ಅಲ್ಲಿನ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 1986ರಲ್ಲಿ ಹೇಳಿತು. ಹಾಸಿಗೆ ಹಿಡಿದ ತಾಯಿಯ ವಿಷಯದಲ್ಲಿ ಆ ಘಟನೆ ಯಾವುದು? ಚೇತರಿಕೆಯ ಆಸೆ ಇಲ್ಲವಾದ ಮೇಲೆ ಉಳಿಯುವುದು ಒಂದೇ, ಅದನ್ನು ಯಾವ ಮಗನೂ ದಿನ ಗೊತ್ತುಮಾಡಿ ಬಾಯಲ್ಲಿ ಆಡಲಾರ. ಕಾನೂನಿಗೆ ಇದು ಬರಿಯ ಅವಧಿಯ ಪ್ರಶ್ನೆ, ಮನೆಯಲ್ಲಿ ಕೇಳಿದರೆ ಬಿಡ್ತು ಅನ್ನು ಎಂದಾರು.

ಇನ್ನು, ಆರೈಕೆಗೆಂದು ಉಳಿದದ್ದು ಕೈಮೀರಿದ ಕಾರಣವೇ? ಮಗನನ್ನು ಯಾರೂ ಕಟ್ಟಿಹಾಕಿರಲಿಲ್ಲ, ವಿಮಾನಗಳು ದಿನವೂ ಹಾರುತ್ತಿದ್ದವು. ಬಿರುಗಾಳಿಯಲ್ಲಿ ಹಡಗಿನ ಸರಕನ್ನು ಕಡಲಿಗೆಸೆಯುವವನ ಕ್ರಿಯೆಯನ್ನು ಅರಿಸ್ಟಾಟಲ್ ಮಿಶ್ರ ಎಂದು ಕರೆದ, ಏಕೆಂದರೆ ಸುಮ್ಮನೆ ಯಾರೂ ಸರಕನ್ನು ಎಸೆಯುವುದಿಲ್ಲವಾದರೂ ಆ ಗಳಿಗೆಯಲ್ಲಿ ಎಸೆಯುವ ಕೈ ಅವನದೇ. ಅಷ್ಟರಮಟ್ಟಿಗೆ ಅಧಿಕಾರಿಯ ಸಂಶಯಕ್ಕೆ ಆಧಾರವಿದೆ. ಆದರೆ ಗೀತೆಯ ಹದಿನೆಂಟನೇ ಅಧ್ಯಾಯದಲ್ಲಿ ಅರ್ಜುನನ ಕುರಿತು ಬರುವ ಅವಶ ಎಂಬ ಪದ ಬೇರೊಂದು ಬಗೆಯ ಬಂಧನವನ್ನು ಗುರುತಿಸುತ್ತದೆ: ಸ್ವಭಾವದಿಂದ ಹುಟ್ಟಿದ ಕರ್ಮಕ್ಕೆ ಕಟ್ಟುಬಿದ್ದವನು ಒಲ್ಲೆನೆಂದರೂ ಅದನ್ನು ಮಾಡಿಯೇ ತೀರುತ್ತಾನೆ ಎಂಬಲ್ಲಿ ಕಟ್ಟುವ ಹಗ್ಗ ಹೊರಗಿನದಲ್ಲ. ತಾಯಿಯನ್ನು ಬಿಟ್ಟು ಹೊರಡಬಹುದಾಗಿದ್ದ ಮಗ ಆ ಮಗನೇ ಅಲ್ಲ, ಬೇರೊಬ್ಬ. ಹೊರಗಿನ ತಡೆಯನ್ನೇ ತಡೆಯೆಂದು ಬಲ್ಲ ಕಾನೂನು ಇಂಥ ಒಳಗಿನ ಅವಶತೆಯನ್ನು ಲೆಕ್ಕಕ್ಕೆ ಹಿಡಿಯಲು ತಡವರಿಸುತ್ತದೆ.

ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ದಾಖಲಾದ ದಿನ, ರಕ್ತದೊತ್ತಡದ ಅಂಕಿ, ಮಾತ್ರೆಗಳ ಪಟ್ಟಿ, ಎಲ್ಲವೂ ಮೊಹರಿನ ಸಮೇತ ಇರುತ್ತವೆ. ನೋಡಿಕೊಳ್ಳಲು ಊರಿನಲ್ಲಿ ಬೇರೆ ಯಾರೂ ಇರಲಿಲ್ಲವೇ ಎಂದು ಅಧಿಕಾರಿ ಕೇಳಿದರೆ, ಮೈಸೂರಿನಲ್ಲೇ ಇರುವ ತಮ್ಮನ ವಿಷಯ ಹೇಳುವುದೋ ಬೇಡವೋ ಎಂದು ಮಗ ಆ ಕಾಗದವನ್ನೇ ಮತ್ತೊಮ್ಮೆ ನೋಡುತ್ತಾನೆ.